ತನ್ನ ಬಾಯನ್ನೇ ಕೊರೆದುಕೊಳ್ಳುವ ನೀರು

ಕಲಘಟಗಿ ತಾಲ್ಲೂಕಿನ ತಂಬೂರ ಬಸವಣ್ಣನ ಗುಡಿಗೆ ಹೆಸರಾದ ಊರು. ಆ ಸೀಮೆಯ ಮಳೆನೀರು ಹಳ್ಳಕ್ಕಿಳಿದು, ಹಳ್ಳ ಬೇಡ್ತಿಯನ್ನು ಸೇರಿ, ಯಲ್ಲಾಪುರದ ಕಾಡು ದಾಟಿ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಗಂಗಾವಳಿ ಎಂದು ಹೆಸರು. ಬೇಸಿಗೆಯಲ್ಲಿ ಹರಿವು ಇಳಿದಾಗ ಇಂಥ ನದಿಗಳ ಬಂಡೆಯ ಮೇಲೆ ಗುಂಡಗಿನ ಗುಳಿಗಳು ಕಾಣುತ್ತವೆ. ಕೈ ಹಾಕಿದರೆ ಒಳಮೈ ನುಣ್ಣಗಿರುತ್ತದೆ, ತಳದಲ್ಲಿ ಒಂದು ಹಿಡಿ ಮರಳು, ನಾಲ್ಕು ಬೆಣಚುಕಲ್ಲು ಸಿಗುತ್ತವೆ. ಗುಳಿ ತೋಡಿದ್ದು ಆ ಮರಳು, ಆ ಬೆಣಚು. ನೀರು ಅವನ್ನು ಸುತ್ತಿಸಿತು, ಅಷ್ಟೇ. ತಿಳಿನೀರು ಬಂಡೆಯ ಮೇಲೆ ಎಷ್ಟು ಕಾಲ ಹರಿದರೂ ಸವೆಸುವುದು ಬಹಳ ಕಡಿಮೆ. ಮಳೆಗಾಲದ ಕೆಂಪುನೀರು, ಮರಳು ಹೊತ್ತ ನೀರು, ಕಲ್ಲನ್ನು ತಿನ್ನುತ್ತದೆ.

ಈ ಸಂಗತಿ ದನ ಕಾಯುವ ಹುಡುಗರಿಗೂ ಗೊತ್ತು. ಆದರೂ ಇದೇ ಉಪಾಯದಿಂದ ಉಕ್ಕಿನ ಹಲಗೆ ಕತ್ತರಿಸುವ ಯಂತ್ರ ಕಾರ್ಖಾನೆಗೆ ಬಂದದ್ದು 1980ರ ದಶಕದಲ್ಲಿ. ಇಷ್ಟು ತಡವೇಕೆ? ವೇಗ ಸಾಲಲಿಲ್ಲ, ಒತ್ತಡ ಸಾಲಲಿಲ್ಲ ಎಂಬುದು ಅರ್ಧ ಉತ್ತರ. ಕಲ್ಲನ್ನು ಕೊರೆಯಬಲ್ಲ ನೀರು ತಾನು ಹೊರಬರುವ ಬಾಯನ್ನೂ ಕೊರೆಯುತ್ತದೆ ಎಂಬುದು ಉಳಿದರ್ಧ. ನೀರಿನ ಧಾರೆಯಿಂದ ಕತ್ತರಿಸುವ ಈ ವಿದ್ಯೆಯ, ಅಂದರೆ ವಾಟರ್‌ಜೆಟ್ ಕಟಿಂಗ್‌ನ, ಇಡೀ ಕತೆ ಈ ಒಂದು ತೊಡಕಿನ ಸುತ್ತ ನಡೆದಿದೆ. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ಹರಿತವನ್ನು ಹೆಚ್ಚಿಸಿದರು. ಮರುಹೆಜ್ಜೆಯಲ್ಲಿ ಇನ್ನೊಬ್ಬರು ಆ ಹರಿತದಿಂದ ಯಂತ್ರವನ್ನು ಕಾಪಾಡಿದರು. ಕತೆ ಮುಂದೆ ಸಾಗಿದ್ದು ಎರಡನೆಯವರಿಂದ.

ನೀರಿನ ಬಲವನ್ನು ಮನುಷ್ಯ ಮೊದಲು ದೊಡ್ಡದಾಗಿ ಬಳಸಿದ್ದು ಗಣಿಯಲ್ಲಿ. 1853ರಲ್ಲಿ ಕ್ಯಾಲಿಫೋರ್ನಿಯಾದ ನೆವಾಡಾ ಸಿಟಿಯ ಬಳಿ ಎಡ್ವರ್ಡ್ ಮ್ಯಾಟೆಸನ್ ಎಂಬ ಚಿನ್ನ ಹುಡುಕುವವನು ಕೊಳವೆಯ ತುದಿಗೆ ಮೊನಚಾದ ಬಾಯಿ ಜೋಡಿಸಿ ಗುಡ್ಡದ ಮೈಗೆ ನೀರು ಹಾರಿಸಿದ. ಗುದ್ದಲಿಯಲ್ಲಿ ಎಷ್ಟೋ ದಿನ ಹಿಡಿಯುವ ಅಗೆತ ಒಂದು ದಿನಕ್ಕಿಳಿಯಿತು. ಮುಂದಿನ ಮೂವತ್ತು ವರ್ಷ ಗುಡ್ಡಗಳೇ ಕರಗಿ ಕೆಳಗಿನ ಹೊಲಗಳ ಮೇಲೆ ಕೆಸರಾಗಿ ಕೂತವು. ರೈತರು ಕೋರ್ಟಿಗೆ ಹೋದರು. 1884ರ ತೀರ್ಪು ಆ ಗಣಿಗಾರಿಕೆಗೆ ಕಡಿವಾಣ ಹಾಕಿತು. ಅಲ್ಲಿಯ ನೀರು ಸಡಿಲ ಮಣ್ಣನ್ನು ಕೆಡವುತ್ತಿತ್ತೇ ಹೊರತು ಗಟ್ಟಿ ವಸ್ತುವನ್ನು ಗೆರೆ ಎಳೆದಂತೆ ಸೀಳುತ್ತಿರಲಿಲ್ಲ. ಸೀಳಬೇಕಾದರೆ ಧಾರೆ ದಾರದಷ್ಟು ಸಣ್ಣದಾಗಬೇಕು, ಒತ್ತಡ ನೂರಾರು ಪಟ್ಟು ಏರಬೇಕು.

ಅದನ್ನು ಮನಸ್ಸಿಟ್ಟು ಬೆನ್ನುಹತ್ತಿದವರು ನಾರ್ಮನ್ ಫ್ರಾಂಜ್. ಅವರು ಲೋಹದವರಲ್ಲ, ಅರಣ್ಯ ಎಂಜಿನಿಯರ್. ದೊಡ್ಡ ಮರದ ದಿಮ್ಮಿಯನ್ನು ಗರಗಸದಿಂದ ಸೀಳುವಾಗ ಹಲ್ಲಿನ ದಪ್ಪದಷ್ಟು ಮರ ಪ್ರತಿ ಸೀಳಿಗೂ ಹೊಟ್ಟಾಗಿ ಹೋಗುತ್ತದೆ. ಆ ನಷ್ಟ ತಪ್ಪಿಸುವ ದಾರಿಯನ್ನು ಅವರು 1950ರ ದಶಕದಲ್ಲಿ ನೀರಿನಲ್ಲಿ ಹುಡುಕಿದರು. ಅಷ್ಟು ಒತ್ತಡ ಕೊಡುವ ಪಂಪು ಇರಲಿಲ್ಲ. ನೀರು ತುಂಬಿದ ಕೊಳವೆಯ ಮೇಲೆ ಭಾರವಾದ ತೂಕವನ್ನು ಮೇಲಿಂದ ಬೀಳಿಸಿ, ಸೂಜಿಯ ತೂತಿನಂಥ ಕಿಂಡಿಯಿಂದ ನೀರು ಚಿಮ್ಮುವಂತೆ ಮಾಡಿದರು. ಒಂದು ಕ್ಷಣದ ಮಟ್ಟಿಗೆ ಹುಟ್ಟಿದ ಆ ಧಾರೆ ಮರವನ್ನು ಸೀಳಿತು. ಮಾರ್ಗ ಸರಿಯಿದೆ ಎಂದು ಗೊತ್ತಾಯಿತು. ಆದರೆ ಒಡನೆಯೇ ತೊಡಕೂ ಎದುರಾಯಿತು. ಆ ಒತ್ತಡದಲ್ಲಿ ಬಿಡಿಭಾಗಗಳು ವಾರ, ತಿಂಗಳು ಬಾಳದೆ ನಿಮಿಷಗಳಲ್ಲಿ ಹಾಳಾಗುತ್ತಿದ್ದವು. ಫ್ರಾಂಜ್ ಸೋಲೊಪ್ಪದೆ ಮುಂದೆ ನೀರಿನಲ್ಲಿ ಉದ್ದ ಸರಪಳಿಯ ಪಾಲಿಮರ್ ಕರಗಿಸಿ ನೋಡಿದರು. ಚದುರುತ್ತಿದ್ದ ಧಾರೆ ಇನ್ನಷ್ಟು ಒಗ್ಗಟ್ಟಾಗಿ ದೂರದವರೆಗೆ ನಿಂತಿತು.

ನಿರಂತರ ಒತ್ತಡದ ಪ್ರಶ್ನೆಗೆ ಉತ್ತರ ಪಾಸ್ಕಲ್ಲನ ಹಳೆಯ ನಿಯಮದಲ್ಲೇ ಇತ್ತು. ದೊಡ್ಡ ಪಿಸ್ಟನ್ನಿನ ಮೇಲೆ ಎಣ್ಣೆ ಸುಮಾರು 200 ಬಾರ್ ಒತ್ತಡ ಹಾಕುತ್ತದೆ. ಅದಕ್ಕೆ ಜೋಡಿಸಿದ ಸಣ್ಣ ಪಿಸ್ಟನ್ನಿನ ಮುಖ ಅದರ ಇಪ್ಪತ್ತರಲ್ಲೊಂದು ಪಾಲು. ಬಲ ಅಷ್ಟೇ, ಜಾಗ ಇಪ್ಪತ್ತು ಪಟ್ಟು ಕಿರಿದು. ಹಾಗಾಗಿ ನೀರಿನ ಮೇಲಿನ ಒತ್ತಡ 4,000 ಬಾರ್ ಆಗುತ್ತದೆ. ಕಾರಿನ ಟೈರಿಗೆ ನಾವು ತುಂಬಿಸುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು. ಈ ಪಂಪಿಗೆ ಇಂಟೆನ್ಸಿಫೈಯರ್ ಎನ್ನುತ್ತಾರೆ. ನೀರನ್ನು ಒತ್ತಿ ಕುಗ್ಗಿಸಲಾಗದು ಎಂದು ಶಾಲೆಯಲ್ಲಿ ಕಲಿತ ಮಾತು ಇಲ್ಲಿ ನಿಲ್ಲುವುದಿಲ್ಲ. 4,000 ಬಾರ್‌ನಲ್ಲಿ ನೀರಿನ ಗಾತ್ರ ಶೇಕಡಾ 10ಕ್ಕೂ ಹೆಚ್ಚು ಕುಗ್ಗುತ್ತದೆ. ಪಿಸ್ಟನ್ ಹಿಂದೆ ಮುಂದೆ ತಿರುಗುವ ಗಳಿಗೆಯಲ್ಲಿ ಧಾರೆ ಮುಗ್ಗರಿಸದಂತೆ ಒತ್ತಡ ಕೂಡಿಡುವ ದಪ್ಪ ಸಿಲಿಂಡರೊಂದು ಬೇಕಾಗುವುದು ಇದಕ್ಕೇ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮೆಕಾರ್ಟ್ನಿ ಕಂಪನಿ ಇಂಥ ಯಂತ್ರವನ್ನು ಆಲ್ಟನ್ ಬಾಕ್ಸ್‌ಬೋರ್ಡ್ ಎಂಬ ಕಾರ್ಖಾನೆಯಲ್ಲಿ ಕೂಡಿಸಿತು. ಮೊದಲು ಕತ್ತರಿಸಿದ್ದು ಕಾಗದದ ಕೊಳವೆ.

ಇನ್ನುಳಿದದ್ದು ಬಾಯಿ. ಉಕ್ಕಿನ ನಾಝಲ್ ಬೇಗ ಅಗಲವಾಗುತ್ತಿತ್ತು. ಅಗಲವಾದ ಬಾಯಿಂದ ಬಂದ ಧಾರೆ ಚದುರುತ್ತಿತ್ತು. ಬೆಂಡಿಕ್ಸ್ ಕಂಪನಿಯ ರೇ ಚಾಡ್‌ವಿಕ್, ಮೈಕಲ್ ಕುರ್ಕೊ, ಜೋಸೆಫ್ ಕೊರಿವೊ ಎಂಬ ಮೂವರು ಕುರುಂದದ ಹರಳಿನಲ್ಲಿ ತೂತು ಕೊರೆದು ಅದನ್ನೇ ಬಾಯಿ ಮಾಡುವ ಉಪಾಯ ತಂದರು. ನೀಲ, ಮಾಣಿಕ್ಯ ಎರಡೂ ಕುರುಂದದ ಜಾತಿಯವೇ. ಗಟ್ಟಿತನದಲ್ಲಿ ವಜ್ರದ ಕೆಳಗಿನ ಮೆಟ್ಟಿಲು. ಅತ್ತ ವಾಷಿಂಗ್ಟನ್ ರಾಜ್ಯದ ಫ್ಲೋ ರಿಸರ್ಚ್ ಸಂಸ್ಥೆಯಲ್ಲಿ ಜಾನ್ ಓಲ್ಸೆನ್ ಮತ್ತು ಜೊತೆಗಾರರು ಹರಳಿನ ಆಯುಷ್ಯಕ್ಕೂ ನೀರಿನ ಗುಣಕ್ಕೂ ಇರುವ ನಂಟನ್ನು ತೋರಿಸಿದರು. ಮೊದಲೇ ಶುದ್ಧಮಾಡಿದ ನೀರು ಹರಿಸಿದರೆ ಹರಳು ಹೆಚ್ಚು ದಿನ ಬಾಳುತ್ತದೆ. ಬೋರಿನ ಗಡಸುನೀರು ನೆಚ್ಚಿದ ಕಡೆ ವಾಟರ್‌ಜೆಟ್ ಹಾಕಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇಷ್ಟಾದರೂ ಬರೀ ನೀರಿಗೆ ಒಂದು ಎಲ್ಲೆಯಿತ್ತು. ಕಾಗದ, ರಬ್ಬರ್, ಸ್ಪಂಜು, ಚರ್ಮ, ಬಟ್ಟೆ, ಕೇಕು, ತರಕಾರಿ ಇವುಗಳನ್ನು ಅದು ಸಲೀಸಾಗಿ ಸೀಳುತ್ತದೆ. ಇಂದಿಗೂ ಈ ಕೆಲಸಗಳಿಗೆ ಬರೀ ನೀರನ್ನೇ ಬಳಸುತ್ತಾರೆ. ಗಟ್ಟಿ ಲೋಹದ ಮುಂದೆ ಮಾತ್ರ ಸೋಲುತ್ತಿತ್ತು. ನಿಜ, 1958ರಲ್ಲೇ ನಾರ್ತ್ ಅಮೆರಿಕನ್ ಏವಿಯೇಶನ್‌ನ ಬಿಲ್ಲಿ ಶ್ವಾಚಾ ಎಂಬವರು ಇನ್ನೂ ಹೆಚ್ಚಿನ ಒತ್ತಡದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕತ್ತರಿಸಿದ್ದರು. ಎಕ್ಸ್‌ಬಿ-70 ಎಂಬ ವಿಮಾನದ ಜೇನುಗೂಡಿನಂಥ ಪದರಗಳಿಗೂ ಆ ವಿಧಾನ ಬಳಸಿದರು. ಆದರೆ ಅಂಚಿನಲ್ಲಿ ಪದರಗಳು ಬಿಟ್ಟುಕೊಂಡವು. ಬರೀ ಒತ್ತಡ ಏರಿಸುತ್ತ ಹೋಗುವ ದಾರಿ ಅಲ್ಲಿಗೆ ನಿಂತಿತು.

ಹಾಗಾದರೆ ಮರಳು? ನೀರಿಗೆ ಕಣ ಬೆರೆಸಿ ತುಕ್ಕು ತೆಗೆಯುವುದು, ಮೈ ಉಜ್ಜುವುದು 1930ರ ದಶಕದಿಂದಲೇ ಇತ್ತು. ಆದರೆ 4,000 ಬಾರ್ ಕೊಡುವ ಪಂಪಿನೊಳಕ್ಕೆ ಮರಳು ಹಾಕುವುದೆಂದರೆ ಸೀಲು, ವಾಲ್ವು, ಹರಳು ಎಲ್ಲವನ್ನೂ ಅದರ ಬಾಯಿಗೆ ಕೊಟ್ಟಂತೆ. ಉಕ್ಕು ಕತ್ತರಿಸುವ ಮೊದಲೇ ಯಂತ್ರ ಕತ್ತರಿಸಿಕೊಂಡು ಕೂರುತ್ತದೆ.

ಮೊಹಮ್ಮದ್ ಹಶೀಶ್ ಈ ಗಂಟನ್ನು ಬಿಚ್ಚಿದರು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಓದಿ, ಮಾಂಟ್ರಿಯಲ್‌ನ ಕಾನ್‌ಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ, 1979ರಲ್ಲಿ ಫ್ಲೋ ರಿಸರ್ಚ್ ಸೇರಿದ ಎಂಜಿನಿಯರ್ ಅವರು. ಮರಳನ್ನು ಎಲ್ಲಿ ಬೆರೆಸಬೇಕು ಎಂಬಲ್ಲಿ ಅವರ ಹೊಳಹು ಇತ್ತು. ಪಂಪಿನಲ್ಲೂ ಅಲ್ಲ, ಕೊಳವೆಯಲ್ಲೂ ಅಲ್ಲ. ನೀರು ಹರಳಿನ ಕಿಂಡಿ ದಾಟಿದ ಮೇಲೆ! 4,000 ಬಾರ್‌ನ ನೀರು ಹೊರಬಿದ್ದಾಗ ಅದರ ಒತ್ತಡವೆಲ್ಲ ವೇಗವಾಗುತ್ತದೆ. ಸೆಕೆಂಡಿಗೆ ಸುಮಾರು 900 ಮೀಟರ್, ಅಂದರೆ ಗಾಳಿಯಲ್ಲಿ ಶಬ್ದದ ವೇಗದ ಎರಡೂವರೆ ಪಟ್ಟು. ಆ ಓಟ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗಿ, ಹರಳಿನ ಕೆಳಗಿನ ಪುಟ್ಟ ಕೋಣೆಯಲ್ಲಿ ಒತ್ತಡ ಕುಸಿಯುತ್ತದೆ. ಆ ಕೋಣೆಗೆ ಪಕ್ಕದಿಂದ ಒಂದು ನಳಿಕೆ ಕೊಟ್ಟರೆ ಅದು ಒಣ ಮರಳನ್ನು ತಾನಾಗಿ ಒಳಕ್ಕೆ ಹೀರಿಕೊಳ್ಳುತ್ತದೆ. ತಳ್ಳುವ ಯಂತ್ರ ಬೇಡ. ಪಂಪು, ಸೀಲು, ಹರಳು ಮರಳಿನ ಮುಖವನ್ನೇ ನೋಡುವುದಿಲ್ಲ.

ಸ್ವಲ್ಪವೇ ಕಣ ಬೆರೆಸಿದ ನೀರು ಉಕ್ಕನ್ನೂ ಕಾಂಕ್ರೀಟನ್ನೂ ಕತ್ತರಿಸುತ್ತದೆಂದು ತೋರಿಸಿದ ಅವರ ಪ್ರಬಂಧ 1982ರಲ್ಲಿ ಪ್ರಕಟವಾಯಿತು. 1983ರಲ್ಲಿ ಮೊದಲ ವ್ಯಾಪಾರಿ ಯಂತ್ರ ಗಾಜು ಕತ್ತರಿಸಲು ಹೋಯಿತು. ಪೇಟೆಂಟ್ ಕೈಗೆ ಬಂದದ್ದು 1987ರಲ್ಲಿ. ಅಷ್ಟರಲ್ಲಿ ವಿಮಾನ ಕಟ್ಟುವವರು ಟೈಟಾನಿಯಂ, ಸ್ಟೇನ್‌ಲೆಸ್ ಸ್ಟೀಲ್, ಕಾರ್ಬನ್ ನಾರಿನ ಹಲಗೆಗಳಿಗೆ ಇದನ್ನು ಹಿಡಿದಿದ್ದರು.

ತೊಡಕು ಮುಗಿಯಲಿಲ್ಲ, ಒಂದಂಗುಲ ಕೆಳಕ್ಕೆ ಸರಿಯಿತು. ಕೋಣೆಯಲ್ಲಿ ಬೆರೆತ ನೀರು, ಮರಳು, ಗಾಳಿ ಮೂರೂ ಒಂದು ಸಣ್ಣ ನಳಿಕೆಯ ಮೂಲಕ ಹೊರಬರಬೇಕು. ಒಳ ಅಗಲ ಸುಮಾರು ಒಂದು ಮಿಲಿಮೀಟರ್, ಉದ್ದ ಬೆರಳಿನಷ್ಟು. ನೀರು ತನ್ನ ವೇಗವನ್ನು ಕಣಗಳಿಗೆ ದಾಟಿಸುವುದು ಈ ಹಾದಿಯಲ್ಲಿ. ಮೊದಮೊದಲ ನಳಿಕೆಗಳು ಕೆಲವೇ ಗಂಟೆಗಳಲ್ಲಿ ಸವೆದು ಸೊಟ್ಟಗಾಗುತ್ತಿದ್ದವು. ನಳಿಕೆ ಸೊಟ್ಟಗಾದರೆ ಸೀಳೂ ಸೊಟ್ಟ. ಟಂಗ್‌ಸ್ಟನ್ ಕಾರ್ಬೈಡಿನ ಹೊಸ ಮಿಶ್ರಣ ಬಂದ ಮೇಲೆ ಒಂದು ನಳಿಕೆ ಹತ್ತಾರು ಗಂಟೆ ಬಾಳತೊಡಗಿತು. ವಾಟರ್‌ಜೆಟ್ ಪ್ರಯೋಗಾಲಯ ಬಿಟ್ಟು ಜಾಬ್‌ವರ್ಕ್ ಅಂಗಡಿಗೆ ಇಳಿದದ್ದು ಈ ನಳಿಕೆ ಗಟ್ಟಿಯಾದ ಮೇಲೆ. 1990ರ ದಶಕದಲ್ಲಿ ಓಲ್ಸೆನ್ ಇದಕ್ಕೆ ಕಂಪ್ಯೂಟರ್ ಜೋಡಿಸಿದರು. ಎಷ್ಟು ದಪ್ಪ, ಯಾವ ಲೋಹ, ಯಾವ ತಿರುವು ಎಂದು ತಿಳಿಸಿದರೆ ಎಲ್ಲಿ ನಿಧಾನ, ಎಲ್ಲಿ ಬೇಗ ಎಂದು ಯಂತ್ರವೇ ಲೆಕ್ಕ ಹಾಕತೊಡಗಿತು.

ಒಳಗೆ ನಡೆಯುವುದೇನು ಎಂಬುದನ್ನು ಹಶೀಶ್ ಕಣ್ಣಾರೆ ನೋಡಿದ ಬಗೆ ಚೆನ್ನಾಗಿದೆ. ಪಾರದರ್ಶಕ ಅಕ್ರಿಲಿಕ್ ಹಲಗೆಯನ್ನು ಕತ್ತರಿಸುತ್ತ, ಅದರ ಪಕ್ಕದಿಂದ ಅತಿವೇಗದ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಧಾರೆ ನೆಟ್ಟಗೆ ಕೆಳಗಿಳಿಯುವುದಿಲ್ಲ. ಮೇಲೆ ಮುಂದೆ ಸಾಗಿದ ಹಾಗೆ ಕೆಳಭಾಗ ಹಿಂದೆ ಬಾಗುತ್ತ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೇಲಂಚಿನಲ್ಲಿ ಕಣಗಳು ಓರೆಯಾಗಿ ತಾಗಿ ನವಿರಾಗಿ ಹೆರೆಯುತ್ತವೆ. ಆಳಕ್ಕಿಳಿದಂತೆ ಬಲ ಕುಂದಿ ಗೀರುಗಳು ಏಳುತ್ತವೆ. ದಪ್ಪ ಹಲಗೆಯ ಸೀಳುಮೈಯಲ್ಲಿ ಮೇಲರ್ಧ ನುಣುಪು, ಕೆಳಗರ್ಧ ಒರಟು ಕಾಣುವುದರ ಕಾರಣ ಇದೇ. ಅವಸರದಿಂದ ಕತ್ತರಿಸಿದರೆ ಒರಟು ಹೆಚ್ಚು, ತಾಳ್ಮೆಯಿಂದ ಕತ್ತರಿಸಿದರೆ ಕಡಿಮೆ. ಬೆಲೆ, ಸಮಯ, ನುಣುಪು ಈ ಮೂರರ ಚೌಕಾಶಿ ಇಲ್ಲಿಂದಲೇ ಶುರುವಾಗುತ್ತದೆ.

ಕೋಟಿಗಟ್ಟಲೆ ಕಣಗಳು ಒಂದೊಂದೂ ಒಂದು ಚೂರು ಕಿತ್ತು ಹೋಗುವ ಈ ಕೆಲಸದಲ್ಲಿ ಬಿಸಿ ಹುಟ್ಟುವುದು ಬಹಳ ಕಡಿಮೆ. ಹುಟ್ಟಿದ್ದನ್ನು ನೀರು ಕೂಡಲೇ ಹೊತ್ತೊಯ್ಯುತ್ತದೆ. ವಾಟರ್‌ಜೆಟ್‌ನ ದೊಡ್ಡ ಲಾಭ ಇದು. ಕುಡಗೋಲು ಕಾಯಿಸಿ ನೀರಿಗದ್ದಿ ಹದ ಕೊಡುವ ಹಳ್ಳಿಯ ಕಮ್ಮಾರನಿಗೆ ಇದನ್ನು ವಿವರಿಸಬೇಕಿಲ್ಲ. ಹದ ಕೊಟ್ಟ ಬಾಯನ್ನು ಮತ್ತೆ ಬೆಂಕಿಗೆ ಹಿಡಿದರೆ ಹದ ಹೋಯಿತೆಂದೇ ಲೆಕ್ಕ. ಗ್ಯಾಸ್ ಕಟಿಂಗ್, ಪ್ಲಾಸ್ಮಾ, ಲೇಸರ್ ಮೂರೂ ಬಿಸಿಯಿಂದ ಕತ್ತರಿಸುತ್ತವೆ. ಅಂಚಿನ ಪಟ್ಟಿಯಲ್ಲಿ ಲೋಹದ ಒಳಗಟ್ಟು ಬದಲಾಗುತ್ತದೆ. ಕೆಲವೆಡೆ ಗಡಸಾಗಿ ಡ್ರಿಲ್ ಹಿಡಿಯುವುದಿಲ್ಲ, ಕೆಲವೆಡೆ ಹಲಗೆ ಸೊಟ್ಟಗಾಗುತ್ತದೆ. ನೀರಿನಿಂದ ಕತ್ತರಿಸಿದ ಅಂಚಿನಲ್ಲಿ ಹದ ಹಾಗೆಯೇ ಉಳಿಯುತ್ತದೆ. ವಿಮಾನದ ಟೈಟಾನಿಯಂ ಭಾಗಕ್ಕೆ ಇದು ಜೀವದ ಪ್ರಶ್ನೆ.

ಎರಡನೆಯ ಲಾಭವೆಂದರೆ ಈ ಧಾರೆಗೆ ಜಾತಿಭೇದವಿಲ್ಲ. ಪ್ಲಾಸ್ಮಾಗೆ ವಿದ್ಯುತ್ ಹರಿಯುವ ಲೋಹವೇ ಬೇಕು. ಹೊಳೆಯುವ ತಾಮ್ರ, ಹಿತ್ತಾಳೆ ಲೇಸರ್ ಕಿರಣವನ್ನು ಹಿಂದಕ್ಕೆ ತಿರುಗಿಸುತ್ತವೆ. ವಾಟರ್‌ಜೆಟ್ ಒಂದೇ ಮೇಜಿನ ಮೇಲೆ ಬೆಳಿಗ್ಗೆ ಇಳಕಲ್ಲಿನ ಕೆಂಪು ಗ್ರಾನೈಟ್, ಮಧ್ಯಾಹ್ನ ತಾಮ್ರ, ಸಂಜೆ ರಬ್ಬರ್ ಅಂಟಿಸಿದ ಉಕ್ಕನ್ನು ಕತ್ತರಿಸುತ್ತದೆ. ಉಪಕರಣ ಬದಲಿಸಬೇಕಿಲ್ಲ. ಸೀಳಿನ ಅಗಲ ಸುಮಾರು ಒಂದು ಮಿಲಿಮೀಟರ್. ಒಂದು ಹಲಗೆಯಲ್ಲಿ ಹೆಚ್ಚು ತುಂಡುಗಳನ್ನು ಒತ್ತೊತ್ತಾಗಿ ಕೂಡಿಸಬಹುದು. ಪಕ್ಕಕ್ಕೆ ತಳ್ಳುವ ಬಲ ಕಡಿಮೆ ಇರುವುದರಿಂದ ಭಾರಿ ಹಿಡಿತಗಳೂ ಬೇಡ. ಕಾರ್ಬನ್ ನಾರಿನ ಹಲಗೆಯನ್ನು ಗರಗಸದಲ್ಲಿ ಕೊಯ್ದರೆ ಶ್ವಾಸಕೋಶಕ್ಕೆ ಕೆಟ್ಟದಾದ ದೂಳು ಏಳುತ್ತದೆ, ಲೇಸರಿನಲ್ಲಿ ಕೊಯ್ದರೆ ಅಂಟು ಸುಟ್ಟು ಹೊಗೆ. ಇಲ್ಲಿ ದೂಳು ನೀರಿಗೆ ಸೇರಿಹೋಗುತ್ತದೆ, ಅಂಟು ಸುಡುವುದಿಲ್ಲ. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನದ ಒಡಲಿನ ದೊಡ್ಡ ಪಾಲು ಇಂಥ ಕಾರ್ಬನ್ ಹಲಗೆಯೇ. ಬೆಳಗಾವಿಯ ಹತ್ತರಗಿಯಲ್ಲಿ ಇಂದು ವಿಮಾನದ ಬಿಡಿಭಾಗ ಮಾಡುವ ಇಡೀ ವಲಯವಿದೆ. ನಮ್ಮ ಭಾಗದ ಹುಡುಗರು ಕೆಲಸಕ್ಕೆ ಹೋಗುವ ಜಗತ್ತು ಈ ವಸ್ತುಗಳ ಜಗತ್ತು.

ಧಾರವಾಡ ಜಿಲ್ಲೆಯವರಿಗೆ ಈ ಜಾತಿಭೇದವಿಲ್ಲದ ಗುಣದ ತೂಕ ಅಣ್ಣಿಗೇರಿಯಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಾದಾಮಿ, ಪಟ್ಟದಕಲ್ಲುಗಳನ್ನು ಕಟ್ಟಿದವರು ಮರಳುಗಲ್ಲು ಬಳಸಿದರು. 1050ರಲ್ಲಿ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಟ್ಟುವಾಗ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿದರು. ಅಗೆದಾಗ ಮೆತ್ತಗಿರುವ ಆ ಕಲ್ಲಿನಲ್ಲಿ ಉಳಿಯ ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಕೈಯಲ್ಲಿದ್ದ ಉಳಿಗೆ ತಕ್ಕ ಕಲ್ಲನ್ನು ಆರಿಸಿದ ಜಾಣತನ ಅದು. ಅಲ್ಲಿಂದ ಒಂದು ಸಾವಿರ ವರ್ಷ ಕುಶಲಕರ್ಮಿಗಳೆಲ್ಲ ಹೀಗೇ ಉಪಕರಣಕ್ಕೆ ತಕ್ಕ ವಸ್ತು ಹುಡುಕಿದರು. ಈಗ ವಿನ್ಯಾಸಕ್ಕೆ ಯಾವ ವಸ್ತು ಒಳ್ಳೆಯದೋ ಅದನ್ನೇ ಮೊದಲು ಆರಿಸಿ, ಕತ್ತರಿಸುವ ಚಿಂತೆಯನ್ನು ಆಮೇಲೆ ಮಾಡಬಹುದು. ಈ ಬದಲಾವಣೆ ದೊಡ್ಡದು.

ಎಲ್ಲಕ್ಕೂ ಇದೇ ಮದ್ದು ಎಂದು ಹೇಳಿದರೆ ತಪ್ಪಾಗುತ್ತದೆ. ಬಿಗಿಗೊಳಿಸಿದ ಟಫನ್ಡ್ ಗಾಜನ್ನು ಇದು ಕತ್ತರಿಸಲಾರದು, ಮುಟ್ಟಿದೊಡನೆ ಆ ಗಾಜು ಪುಡಿಪುಡಿ. ತೆಳು ಉಕ್ಕಿನ ಸಾವಿರಾರು ತುಂಡುಗಳು ಬೇಕಾದರೆ ಲೇಸರ್ ಎಷ್ಟೋ ಬೇಗ. ಸೀಳು ಮೇಲಿನಿಂದ ಕೆಳಕ್ಕೆ ಸ್ವಲ್ಪ ಓರೆಯಾಗುತ್ತದೆ. ಅದನ್ನು ಸರಿಪಡಿಸಲು ತಲೆಯನ್ನು ಬಾಗಿಸುವ ದುಬಾರಿ ಯಂತ್ರ ಬೇಕು. ಸದ್ದು ಜೋರು, ಕಿವಿಗೆ ರಕ್ಷಣೆ ಇಲ್ಲದೆ ಹತ್ತಿರ ನಿಲ್ಲಬಾರದು. ಬೆರಳು ಧಾರೆಗೆ ಸಿಕ್ಕರೆ ಅದು ಮಾಮೂಲಿ ಗಾಯವಲ್ಲ. ಹೊರಗೆ ಪುಟ್ಟ ತೂತು ಕಂಡರೂ ಒಳಗೆ ನೀರು, ಮರಳು, ಕೊಳೆ ಹೊಕ್ಕಿರುತ್ತವೆ. ತಡಮಾಡದೆ ಆಸ್ಪತ್ರೆಗೆ ಹೋಗಿ, ವಾಟರ್‌ಜೆಟ್ ಗಾಯವೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ದೊಡ್ಡ ಖರ್ಚು ಮರಳಿನದು. ಅದು ಹೊಳೆಯ ಮರಳಲ್ಲ, ಗಾರ್ನೆಟ್ ಎಂಬ ಕೆಂಪು ಖನಿಜ. ಉಕ್ಕನ್ನು ಗೀರುವಷ್ಟು ಗಟ್ಟಿ, ನಳಿಕೆಯನ್ನು ಬೇಗ ತಿಂದುಹಾಕುವಷ್ಟಲ್ಲ. ಕುರುಂದದ ಪುಡಿ ಹಾಕಿದರೆ ಇನ್ನೂ ಬೇಗ ಕತ್ತರಿಸಬಹುದು, ಆದರೆ ನಳಿಕೆ ಬಾಳುವುದಿಲ್ಲ. ಯಂತ್ರ ನಿಮಿಷಕ್ಕೆ 400 ಗ್ರಾಂ ಗಾರ್ನೆಟ್ ತಿಂದರೆ ಗಂಟೆಗೆ 24 ಕಿಲೊ. ಈ ಖನಿಜ ನಮ್ಮ ದೇಶದ ಕಡಲತೀರದ್ದೇ. ತಮಿಳುನಾಡಿನ ದಕ್ಷಿಣ ತುದಿಯಿಂದ ಒಡಿಶಾದವರೆಗೆ ಕರಾವಳಿಯ ಮರಳಿನಲ್ಲಿದೆ. ಸರ್ಕಾರಿ ಸಂಸ್ಥೆಯಾದ ಐಆರ್‌ಇಎಲ್ ಅದನ್ನು ಬೇರ್ಪಡಿಸಿ ಮಾರುತ್ತದೆ. ಕತ್ತರಿಸಿದ ಮೇಲೆ ತೊಟ್ಟಿಯ ತಳದಲ್ಲಿ ಕೂರುವ ಕೆಸರು ಬಹುಕಡೆ ಕಸವಾಗಿಯೇ ಹೋಗುತ್ತದೆ. ಐಐಟಿ ಮದ್ರಾಸಿನಲ್ಲಿ ಎಂ. ಕಾಂತಬಾಬು ಮತ್ತು ಒ. ವಿ. ಕೃಷ್ಣಯ್ಯ ಚೆಟ್ಟಿ ಇದನ್ನೇ ಕೈಗೆತ್ತಿಕೊಂಡು, ನಮ್ಮ ದೇಶದ ಗಾರ್ನೆಟ್ಟನ್ನು ತೊಳೆದು, ಒಣಗಿಸಿ, ಜರಡಿ ಹಿಡಿದು ಮತ್ತೆ ಕತ್ತರಿಸಲು ಬಳಸಿ ನೋಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಒಮ್ಮೆ ಬಳಸಿದ ಕಣಗಳಲ್ಲಿ ಬಹುಪಾಲು ಇನ್ನೊಮ್ಮೆ ಕೆಲಸಕ್ಕೆ ಬರುತ್ತವೆ. ಸುತ್ತು ಹೆಚ್ಚಿದಂತೆ ಆ ಪಾಲು ಬೇಗ ಇಳಿಯುತ್ತದೆ.

ಈ ಕೆಲಸವನ್ನು ನಾನು ಆವಿಷ್ಕಾರದ ಕತೆಯ ಮುಂದಿನ ಅಧ್ಯಾಯವೆಂದೇ ಎಣಿಸುತ್ತೇನೆ. ಮರ ಉಳಿಸಲು ಹೊರಟ ಫ್ರಾಂಜ್, ಬಾಯಿ ಉಳಿಸಿದ ಬೆಂಡಿಕ್ಸ್‌ನವರು, ಪಂಪು ಉಳಿಸಿದ ಹಶೀಶ್, ಮರಳು ಉಳಿಸಲು ನೋಡಿದ ಮದ್ರಾಸಿನವರು ಎಲ್ಲರೂ ಒಂದೇ ಸಾಲಿನ ಜನ. ಏನು ಸವೆಯುತ್ತಿದೆ, ಏಕೆ ಸವೆಯುತ್ತಿದೆ ಎಂದು ಕುಳಿತು ನೋಡುವ ಜನ. ಈ ಪ್ರಶ್ನೆಗೆ ದೊಡ್ಡ ಪ್ರಯೋಗಾಲಯ ಬೇಕೇಬೇಕೆಂದಿಲ್ಲ. ಹುಬ್ಬಳ್ಳಿಯ ತಾರಿಹಾಳದಲ್ಲೋ ರಾಯಾಪುರದಲ್ಲೋ ಯಂತ್ರದ ಮುಂದೆ ನಿಲ್ಲುವ ಹುಡುಗ ನಳಿಕೆ ಬದಲಿಸಿದ ದಿನ, ಓಡಿದ ಗಂಟೆ, ತಿಂದ ಗಾರ್ನೆಟ್, ನೀರಿನ ಗಡಸುತನ ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತ ಹೋದರೆ, ವರ್ಷದ ಕೊನೆಗೆ ಯಂತ್ರ ಮಾರಿದ ಕಂಪನಿಗೂ ಗೊತ್ತಿಲ್ಲದ ಸಂಗತಿ ಅವನ ಕೈಯಲ್ಲಿರುತ್ತದೆ. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಅಂಥ ನೋಟುಬುಕ್ಕುಗಳನ್ನು ಕೇಳಿ ಪಡೆಯಬೇಕು, ವಿದ್ಯಾರ್ಥಿಗಳನ್ನು ಆ ಅಂಗಡಿಗಳಿಗೆ ಕಳಿಸಬೇಕು. ಸವೆತದ ಲೆಕ್ಕ ಇಟ್ಟವರೇ ಈ ಯಂತ್ರವನ್ನು ಇಲ್ಲಿಯವರೆಗೆ ತಂದಿದ್ದಾರೆ, ಮುಂದಕ್ಕೆ ಒಯ್ಯುವವರೂ ಅವರೇ.